ಮೂರು ಮಗ್ ಪೌಡರ್

ಅಮ್ಮ ಯೂನಿಫಾರ್ಮಿನ ಕಾಲರಿಗೆ ಇಸ್ತ್ರಿ ಹಾಕುತ್ತ, "ಒನ್ ಶೀಟ್, ಟೂ ಶೀಟ್ಸ್. ಒನ್ ಟವೆಲ್, ಟೂ ಟವೆಲ್ಸ್," ಎಂದು ಹೇಳಿಕೊಳ್ಳುತ್ತಿದ್ದಳು. ತೋಳಿಗೆ ಬರುವಷ್ಟರಲ್ಲಿ ದಿಂಬಿನ ಕವರಿನ ಇಂಗ್ಲಿಷು ಮರೆತುಹೋಯಿತು.

"ಪಿಲ್ಲೋ ಕವರ್," ಎಂದಳು ಚುಕ್ಕಿ. ನಾಲ್ಕನೇ ಕ್ಲಾಸಿನ ಚುಕ್ಕಿ ಈ ವಾರ ಅಮ್ಮನಿಗೆ ಟೀಚರ್ ಆಗಿದ್ದಳು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಒಗೆಯುವ ಮಷಿನ್ ನೋಡಿಕೊಳ್ಳುತ್ತಿದ್ದಳು. ಇಡೀ ದಿನ ಒದ್ದೆ ನೆಲದ ಮೇಲೆ ನಿಂತು, ಸಂಜೆ ಹೊತ್ತಿಗೆ ಅವಳ ಪಾದಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಸ್ಟೋರ್ ರೂಮಿಗೆ ಒಬ್ಬರು ಬೇಕು, ಇಂಗ್ಲಿಷಿನಲ್ಲಿ ರಿಜಿಸ್ಟರ್ ಬರೆಯಲು ಕಲಿತರೆ ಸೋಮವಾರದಿಂದ ಅಲ್ಲಿಗೇ ಹಾಕುತ್ತೇನೆ ಎಂದು ಸೂಪರ್‌ವೈಸರ್ ಮೇಡಂ ಹೇಳಿದ್ದರು. ಅಲ್ಲಿ ಒಂದು ಕುರ್ಚಿಯಿತ್ತು. ನೆಲ ಒಣಗಿರುತ್ತಿತ್ತು.

ಚುಕ್ಕಿಯ ಪಾಠವೇನೋ ಸುಲಭದ್ದೇ. "ಎಣಿಸೋಕಾದ್ರೆ ಎಸ್ ಹಾಕು. ನೀರು, ಉಪ್ಪು, ಪುಡಿ ಇಂಥದ್ದನ್ನೆಲ್ಲ ಎಣಿಸೋಕಾಗಲ್ಲ. ಅದಕ್ಕೆ ಎಸ್ ಬೇಡ."

ಅಮ್ಮ ತಲೆಯಾಡಿಸಿ, ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ನಾಲಿಗೆಯ ತುದಿ ಹೊರಗಿಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ಬರೆದಳು. ಅಷ್ಟರಲ್ಲಿ ಮೇಲಿನ ಮನೆಯ ಗೆಳತಿ ಆಟಕ್ಕೆ ಕರೆಯಲು ಬಂದಳು. ಚುಕ್ಕಿ ನೋಟ್‌ಬುಕ್ ಎತ್ತಿಕೊಂಡು ಜೋರಾಗಿ ಓದಿದಳು. "ಫೋರ್ಟಿ ಶೀಟ್ಸ್. ತ್ರೀ ಪೌಡರ್ಸ್."

"ಪೌಡರ್ಸಾ? ಪುಡೀನ ಒಂದೊಂದೇ ಎಣಿಸಿದ್ರಾ ಆಂಟಿ?" ಎಂದಳು ಗೆಳತಿ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು. ಆಮೇಲೆ ನೋಟ್‌ಬುಕ್ ಇಸಿದುಕೊಂಡು ಮುಚ್ಚಿ, ಇಸ್ತ್ರಿಯಾದ ಬಟ್ಟೆಗಳ ಅಡಿಗೆ ಸರಿಸಿದಳು.

"ಹೋಗಿ ಆಡ್ಕೊಳ್ಳಿ. ಇದು ನನ್ ತಲೆಗೆ ಹತ್ತಲ್ಲ. ಆಗಲ್ಲ ಅಂತ ಮೇಡಂಗೆ ಹೇಳಿಬಿಡ್ತೀನಿ."

ಅವತ್ತು ಆಟದಲ್ಲಿ ಚುಕ್ಕಿ ಎಲ್ಲರಿಗಿಂತ ಮೊದಲು ಔಟಾದಳು.

ಶನಿವಾರ ಅರ್ಧ ದಿನ ಸ್ಕೂಲು. ಎಂದಿನಂತೆ ಚುಕ್ಕಿ ಸೀದಾ ಲಾಂಡ್ರಿಗೆ ಹೋದಳು. ಮಷಿನ್‌ಗಳು ಗುಡುಗುಡು ಎನ್ನುತ್ತಿದ್ದವು. ಮಡಚಿದ ಶೀಟುಗಳ ಅಟ್ಟಿಯೊಂದು ಅಮ್ಮನ ಎದೆಯೆತ್ತರ ಬೆಳೆದು ನಿಂತಿತ್ತು. ಅಮ್ಮ ಅದರ ಬದಿಗೆ ಮೇಲಿನಿಂದ ಕೆಳಗೆ ಅಂಗೈ ಸವರಿ, "ಎರಡು ಕಮ್ಮಿ ಇದೆ," ಎಂದಳು. ಮಡಚುವ ಹೆಂಗಸು ನಂಬದೆ ಒಂದೊಂದಾಗಿ ಎಣಿಸಿದಳು. ಐವತ್ತಿರಬೇಕಾದಲ್ಲಿ ನಲವತ್ತೆಂಟಿತ್ತು.

"ಅಕ್ಕಾ, ಈ ಲೋಡಿಗೆ ಎಷ್ಟು ಪೌಡರ್?" ಎಂದು ಆಚೆ ಮಷಿನ್ನಿನಿಂದ ಯಾರೋ ಕೇಳಿದರು.

ಅಮ್ಮ ಹೋಗಿ ಬಟ್ಟೆ ಮುಟ್ಟಿ ನೋಡಿದಳು. "ಕಲೆ ಜಾಸ್ತಿ ಇದೆ. ನಾಲ್ಕು ಪೌಡರ್ ಹಾಕು."

ನೀಲಿ ಮಗ್ಗಿನಿಂದ ನಾಲ್ಕು ಸಲ ಪುಡಿ ಮಷಿನ್ನಿಗೆ ಬಿತ್ತು. ಚುಕ್ಕಿ ಆ ಮಗ್ಗನ್ನೇ ನೋಡುತ್ತ ನಿಂತಳು. ಇಲ್ಲಿ ಎಲ್ಲರೂ ಪೌಡರ್ ಎಣಿಸುತ್ತಿದ್ದರು. ಒಬ್ಬರೂ ನಗುತ್ತಿರಲಿಲ್ಲ.

ಆಗಲೇ ಸೂಪರ್‌ವೈಸರ್ ಮೇಡಂ ಬಂದು ಸೋಮವಾರದ ವಿಚಾರ ಏನಾಯಿತೆಂದು ಕೇಳಿದರು. ಅಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಮೇಡಂ, ಅದು ನನ್ ಕೈಲಿ..."

"ಒಂದು ಪಾಠ ಬಾಕಿ ಇದೆ ಮೇಡಂ," ಎಂದಳು ಚುಕ್ಕಿ. ಅವಳ ಕಿವಿಗಳು ಬಿಸಿಯಾಗಿದ್ದವು. "ನಾನೇ ಸರಿಯಾಗಿ ಹೇಳ್ಕೊಟ್ಟಿಲ್ಲ. ನಾಳೆ ಮುಗಿಸ್ತೀವಿ."

ಮೇಡಂ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. "ಹಾಗಾದ್ರೆ ಸೋಮವಾರ ಎಂಟು ಗಂಟೆಗೆ ಬರೆಸಿ ನೋಡ್ತೀನಿ, ಟೀಚರಮ್ಮ."

ಭಾನುವಾರ ಬೆಳಿಗ್ಗೆ ಚುಕ್ಕಿ ಬಚ್ಚಲಿನ ಮಗ್ ತಂದು ಮೇಜಿನ ಮೇಲಿಟ್ಟಳು. "ಲಾಂಡ್ರೀಲಿ ನೀವೆಲ್ಲ ಎಣಿಸೋದು ಪೌಡರ್ ಅಲ್ಲಮ್ಮ, ಮಗ್ಗು. ಅದಕ್ಕೆ ಎಸ್ ಹಾಕಬೇಕು. ತ್ರೀ ಮಗ್ಸ್ ಆಫ್ ಪೌಡರ್."

"ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?"

"ನೀವು ಮಗ್ಗಲ್ಲಿ ಹಾಕ್ತೀರ ಅಂತ ನಂಗೇನು ಗೊತ್ತು?"

ಅಮ್ಮನಿಗೆ ಹುರುಪು ಬಂತು. ಟೆನ್ ಮಗ್ಸ್ ಆಫ್ ಬ್ಲೀಚ್. ಸಿಕ್ಸ್ ಮಗ್ಸ್ ಆಫ್ ಸ್ಟಾರ್ಚ್. ಅದೇ ಓಟದಲ್ಲಿ ಕೆಳಗಿನ ಸಾಲನ್ನೂ ಬರೆದುಬಿಟ್ಟಳು: ಫೋರ್ಟಿ ಮಗ್ಸ್ ಆಫ್ ಶೀಟ್ಸ್.

ಚುಕ್ಕಿ ತುಟಿ ಕಚ್ಚಿಕೊಂಡಳು. ಅಮ್ಮ ಬರೆದದ್ದನ್ನು ತಾನೇ ಓದಿ, ಒಮ್ಮೆ ಮಗ್ಗಿನ ಕಡೆ ನೋಡಿ, ನಲವತ್ತು ಶೀಟುಗಳನ್ನು ಅದರೊಳಗೆ ಗಿಡಿಯುವವಳಂತೆ ಎರಡೂ ಕೈಯಿಂದ ಅದುಮಿ ತೋರಿಸಿದಳು. ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು.

ಬಾಗಿಲಲ್ಲಿ ಗೆಳತಿಯ ತಲೆ ಕಾಣಿಸಿತು. "ಏನೇ ಅದು? ನಂಗೂ ಹೇಳೆ."

ಅಮ್ಮನ ಪೆನ್ನು ನಿಂತಿತು. ಅವಳು ಚುಕ್ಕಿಯ ಮುಖವನ್ನೇ ನೋಡಿದಳು.

"ಸುಮ್ನೆ," ಎಂದಳು ಚುಕ್ಕಿ. ಹಾಳೆ ಮಗುಚಿ, ಹೊಸ ಪುಟವನ್ನು ಅಮ್ಮನ ಮುಂದೆ ಸರಿಸಿದಳು. "ನೀನು ಹೋಗಿರು, ಹತ್ತು ನಿಮಿಷದಲ್ಲಿ ಬರ್ತೀನಿ."