ಬೀಗ ಹಾಕಿದ ಶೆಡ್ಡಿನೊಳಗೆ ಯಾರೋ…

ಯಾರೋ ಮುಟ್ಟಿದ್ದಾರೆ!

ಶಾಂಭವಿಯ ಮೈ ಜುಮ್ಮೆಂದಿತು. ಕಳೆದ ಭಾನುವಾರ ಸೊಟ್ಟಗೆ ಕೊರೆದು, ಸಿಟ್ಟಿನಲ್ಲಿ ಬಿಟ್ಟುಹೋಗಿದ್ದ ಮಣೆಯ ಕಾಲು ಇಂದು ನೆಟ್ಟಗೆ ಕೂತಿತ್ತು. ಪಕ್ಕದಲ್ಲಿ, ಹೀಗೆ ಕೊರೆಯಬೇಕು ಎಂದು ತೋರಿಸುವಂತೆ ಇನ್ನೊಂದು ತುಂಡು.

ಬೀಗ ಹಾಕಿದ್ದು ಅವಳೇ. ತೆಗೆದದ್ದೂ ಅವಳೇ. ಮತ್ತೆ ಇದು…?

"ಹೆದರಬ್ಯಾಡವಾ," ಬಾಗಿಲಲ್ಲಿ ನಿಂತಿದ್ದ ಶೆಡ್ಡಿನ ಒಡತಿ ದ್ಯಾಮಕ್ಕ ಮೆಲ್ಲಗೆ ಹೇಳಿದಳು. "ನಮ್ಮನಿಯವ್ರು ಬಂದು ಹೋಗತಾರ. ಬುಧವಾರ ಮಧ್ಯಾಹ್ನ ಕಟ್ಟಿಗಿ ಹೆರಿಯೋ ಸಪ್ಪಳ ಕೇಳತೈತಿ. ಒಳಗ ಹೋದ್ರ ನಿಂತು ಹೋದೀತು ಅಂತ ನಾ ಹೋಗೂದಿಲ್ಲ."

ಅವಳ ಗಂಡ ಬಡಿಗೇರ ಶಿವಯೋಗಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು!

ಹಗರಿಬೊಮ್ಮನಹಳ್ಳಿಯ ಝೆರಾಕ್ಸ್ ಅಂಗಡಿಯಲ್ಲಿ ದುಡಿಯುವ ಶಾಂಭವಿಗೆ ಮರಗೆಲಸ ಕಲಿಯುವ ಹುಚ್ಚು. ತರಬೇತಿಗೆ ಸೇರುವಷ್ಟು ಸಂಬಳವಿಲ್ಲ. ಬಾಡಿಗೆ ಕೋಣೆಯಲ್ಲಿ ಸುತ್ತಿಗೆ ಎತ್ತಿದರೆ ಕೆಳಗಿನಿಂದ ಓನರ್ ಕೂಗುತ್ತಾರೆ. ಕೊನೆಗೆ ಮರ ಕೊಯ್ಯುವ ಸಾಮಿಲ್ಲಿನವರೇ ಬಿಸಾಡುವ ತುಂಡುಗಳನ್ನು ಚೀಲಕ್ಕೆ ತುಂಬಿಕೊಟ್ಟು, ಹಂಪಸಾಗರದ ಈ ಶೆಡ್ಡಿನ ದಾರಿ ಹೇಳಿದ್ದರು. ದ್ಯಾಮಕ್ಕ ದುಡ್ಡು ಕೇಳಲಿಲ್ಲ. "ಕಸ ಹೊಡಿ, ಉಳಿಗೆ ಎಣ್ಣಿ ಹಚ್ಚು, ಸಾಕು" ಎಂದು ಕೀಲಿಕೈ ಕೊಟ್ಟಿದ್ದಳು.

ಹೆದರಿಕೆಯಿದ್ದರೂ ಶಾಂಭವಿ ಮತ್ತೆ ಬಂದಳು. ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆದಳು: 'ಇದು ಯಾಕೆ ಸೀಳುತ್ತದೆ?'

ಮುಂದಿನ ವಾರ ಅದರ ಕೆಳಗೆ, ಮರದ ಎಳೆ ಹೋಗುವ ಕಡೆಗೆ ಒಂದು ಬಾಣದ ಗುರುತು!

ಐದು ವಾರ ಹೀಗೇ ನಡೆಯಿತು. ಕಾಣದ ಆ ಕೈಯ ತಾಳ್ಮೆ ಅವಳೆದೆಗೆ ಇಳಿಯತೊಡಗಿತು. ಅವಳು ಭಾನುವಾರಕ್ಕಾಗಿ ಕಾಯುತ್ತಿದ್ದಳು. ಛೀ, ದ್ಯಾಮಕ್ಕನ ಗಂಡ ಅವರು… ಸತ್ತವರು! ತನಗೇನಾಗಿದೆ?

ಆರನೆಯ ಭಾನುವಾರ ಹಲಗೆಯ ಮೇಲೆ ರಕ್ತದ ಹನಿಯೊಂದು ಕಂಡಿತು.

ಸತ್ತವರಿಗೆ ರಕ್ತ ಬರುತ್ತದೆಯೇ?

ಬುಧವಾರ ರಜೆ ಹಾಕಿ ಬಂದಳು. ಮಟಮಟ ಮಧ್ಯಾಹ್ನ. ಓಣಿಯಲ್ಲಿ ನರಪಿಳ್ಳೆಯಿಲ್ಲ. ಬಾಗಿಲಿಗೆ ಬೀಗ ಹಾಗೇ ಇತ್ತು. ಒಳಗೆ ಮಾತ್ರ… ಸರ್ರ್… ಸರ್ರ್…

ಕೀಲಿ ತಿರುವಿದಳು. ಬಾಗಿಲು ತೆರೆದೊಡನೆ ಸದ್ದು ನಿಂತಿತು. ಯಾರೂ ಇಲ್ಲ! ಆದರೆ ಹಲಗೆರಾಶಿಯ ಹಿಂದೆ ಯಾರದೋ ಉಸಿರು.

"ಯಾರ್ರೀ ಅದು?"

ಬೂದಿ ಬಳಿದಂತೆ ಬೆಳ್ಳಗಿದ್ದ ಆಕೃತಿಯೊಂದು ಮೆಲ್ಲಗೆ ಎದ್ದು ನಿಂತಿತು. ಶಾಂಭವಿ ಚೀರಿದಳು.

"ಕೂಗಬ್ಯಾಡ್ರಿ! ನಾನೂ ಮನುಷ್ಯಾನ ಅದೀನಿ!"

ಮುಖಕ್ಕೆ ಮೆತ್ತಿದ್ದ ಮರದ ಪುಡಿ ಒರೆಸಿಕೊಂಡ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅವನು ಹುಲುಗೇಶ, ಶಿವಯೋಗಪ್ಪನ ಶಿಷ್ಯ. ಗುರುವಿನ ಜೊತೆ ಜಗಳವಾಡಿ ಹರಪನಹಳ್ಳಿಗೆ ಹೋದವನು.

"ಕಡೀಕ ನನ್ನ ಹೆಸರು ಹಿಡದು ಕರದ್ರಂತ. ನಾ ಬರೂದ್ರಾಗ ಮಣ್ಣಾಗಿತ್ತು," ಎಂದ. "ಬುಧವಾರ ನನಗ ರಜಾ, ಹಿಂದಿನ ತಗಡು ಸರಿಸಿ ಬರತೀನಿ. ಸಪ್ಪಳ ಅವರದು ಅಂತ ಅವ್ವ ನಂಬ್ಯಾಳ. ನಾ ಎದುರಿಗೆ ಬಂದ್ರ, ಆಕಿಗೆ ಅವರು ಎರಡನೇ ಸಲ ಸತ್ತಂಗ ಆಗೂದಿಲ್ಲೇನ್ರಿ?"

"ಮತ್ತ ನನ್ನ ಕಟ್ಟಿಗಿ ಯಾಕ ಸರಿ ಮಾಡಿದ್ರಿ?"

"ಬ್ಯಾಸತ್ತು ಬಿಟ್ಟು ಹೋಗತೀರೇನೋ ಅಂತ… ಅಂಜಿಕಿ ಆತು."

ಚೀರಿದ ಸದ್ದಿಗೆ ಓಡಿ ಬಂದ ದ್ಯಾಮಕ್ಕ ಬಾಗಿಲಲ್ಲಿ ನಿಂತಿದ್ದಳು! ಎಲ್ಲವೂ ಕಿವಿಗೆ ಬಿದ್ದಿತ್ತು. ಹುಲುಗೇಶ ಅವಳ ಕಾಲ ಬಳಿ ಕುಸಿದ.

"ಹಂಗಾರ… ಅವರು ಬಂದೇ ಇಲ್ಲ," ಎಂದಳು.

ಆಮೇಲೆ ದ್ಯಾಮಕ್ಕ ಅವನ ಬೆನ್ನಿಗೆ ಎರಡು ಗುದ್ದಿದಳು. ಮೂರನೆಯದಕ್ಕೆ ಕೈ ಎತ್ತಿದವಳು ಅವನ ತಲೆಯನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತಳು.

"ಕಳ್ಳನಂಗ ಯಾಕ ಬರತೀ, ಮೂಳ! ಏಳು, ಒಳಗ ಬಾ. ಉಣ್ಣು."

ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ಮನೆಯತ್ತ ನಡೆದಳು. ಹುಲುಗೇಶ ಶಾಂಭವಿಯತ್ತ ತಿರುಗಿದ.

"ಈಗರೆ ನಿಮ್ಮ ಅಂಜಿಕಿ ಹೋತೇನ್ರಿ?"

"ಇಲ್ಲ. ಇನ್ನೂ ಜಾಸ್ತಿ ಆಗೈತಿ."

"ಯಾಕ?"

"ನೀವು ಸತ್ತವರು ಅಂತ ತಿಳಕೊಂಡಾಗ್ಲೇ ಮನಸ್ಸು ಕೊಟ್ಟುಬಿಟ್ಟೆ," ಅವಳ ಕಣ್ಣು ತುಂಬಿದವು. "ಸತ್ತವರು ಬಿಟ್ಟು ಹೋಗೂದಿಲ್ಲ. ನೀವು… ಹೋಗಬಹುದಲ್ಲ?"

ಅವನು ಗಾಯದ ಕೈಯಿಂದಲೇ ಅವಳ ಕೈ ಹಿಡಿದ.

"ಹೋಗೂದಿಲ್ಲ."