ಎಂಟು ಖಾಲಿ ಚೌಕಗಳು

"ಮುನ್ನೂರ ಎರಡು ಡಿಗ್ರಿ! ಅರಬ್ಬಿ ಸಮುದ್ರದ ಮೀನೆಲ್ಲ ಬೆಂದು ಸಾರಾಗಿರಬೇಕು!"

ಮಾತು ಬಾಯಿಂದ ಜಾರಿದ ಮೇಲೆ ಮಧುಶ್ರೀಗೇ ಗಾಬರಿಯಾಯಿತು. ತಾನು ತಮಾಷೆ ಮಾಡಿ ಎಷ್ಟು ದಿನವಾಗಿತ್ತು?

ಕಿಬ್ಬನಹಳ್ಳಿಯ ತೆಂಗು ಬೆಳೆಗಾರರ ಸಂಘದ ಮುಂದಿನ ಕಪ್ಪು ಹಲಗೆ ಅದು. ಸೀಮೆಸುಣ್ಣದಲ್ಲಿ ದುಂಡಗೆ ಬರೆದಿತ್ತು: 'ಉಪಗ್ರಹ ಮಾಹಿತಿ. ಸಮುದ್ರದ ಮೇಲ್ಮೈ ಉಷ್ಣತೆ 302 ಡಿಗ್ರಿ.'

ಜಗುಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ ಸಣ್ಣತಿಮ್ಮಯ್ಯ ಕಿಸಕ್ಕನೆ ನಕ್ಕರು.

"ಲೇ ಕಾಂತೇಶ! ಬಾರ್ಲಾ ಈಚೆಗೆ. ಈವಮ್ಮ ನಿನ್ ಸಮುದ್ರಕ್ಕೆ ಒಗ್ಗರಣೆ ಹಾಕ್ತಾ ಅವ್ರೆ!"

ಒಳಗಿಂದ ಬಂದವನ ಬೆರಳುಗಳಿಗೆ ಇನ್ನೂ ಸುಣ್ಣ ಮೆತ್ತಿತ್ತು. ಕಿವಿ ಕೆಂಪಾಗಿತ್ತು.

"ಉಪಗ್ರಹ ಸುಳ್ಳು ಹೇಳಲ್ಲ ಮೇಡಂ. ಫೈಲಲ್ಲಿ ಹಂಗೇ ಇತ್ತು."

"ಉಪಗ್ರಹ ಸುಳ್ಳು ಹೇಳಿಲ್ಲ. ಕೆಲ್ವಿನ್ ಲೆಕ್ಕದಲ್ಲಿ ಹೇಳಿದೆ, ಅಷ್ಟೇ. ಇನ್ನೂರ ಎಪ್ಪತ್ತಮೂರು ಕಳೀರಿ."

ಅವನು ತುಟಿ ಅಲುಗಿಸುತ್ತಾ ಕಳೆದ. "ಇಪ್ಪತ್ತೊಂಬತ್ತು..."

ಆಮೇಲೆ ಜಗಳಕ್ಕೆ ಬರಲಿಲ್ಲ. ಅಂಗೈಯಿಂದಲೇ ಹಲಗೆ ಒರೆಸಿ, ಸೀಮೆಸುಣ್ಣ ಚಾಚಿದ.

"ನೀವೇ ಬರೀರಿ. ಗೊತ್ತಿರೋರು ಬರೆದ್ರೆ ನಾಕು ಜನಕ್ಕೆ ಒಳ್ಳೇದು."

ಚೂರೇ ಚೂರು ಉಳಿದಿದ್ದ ಸೀಮೆಸುಣ್ಣ. ಬೆರಳು ತಾಗದೆ ತೆಗೆದುಕೊಳ್ಳುವುದು ಆಗಲಿಲ್ಲ.

ಅತ್ತೆಯ ಸದಸ್ಯತ್ವದ ಚೀಟಿ ಪಡೆಯಲು ಬಂದವಳು, ಮರುವಾರದಿಂದ ಅಂಕಿ ಓದಿಕೊಡಲು ದಿನಾ ಬರತೊಡಗಿದಳು.

* * *

ಮಧುಶ್ರೀ ಮೈಸೂರಿನಲ್ಲಿ ಭೂಗೋಳ ಓದಿದವಳು. ಗಂಡ ಮೈಲಾರಿ ತೀರಿಹೋಗಿ ಮೂರು ವರ್ಷ. ಅತ್ತೆ ಹನುಮಂತಮ್ಮನ ಜೊತೆ ತುರುವೇಕೆರೆ ದಾರಿಯ ಊರಲ್ಲೇ ಉಳಿದಿದ್ದಳು. ಅಳು ಯಾವತ್ತೋ ನಿಂತಿತ್ತು. ಅದರ ಜೊತೆಗೆ ಉಳಿದದ್ದೆಲ್ಲವೂ ನಿಂತಿತ್ತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಸಂಘದಲ್ಲಿ ಕಾಂತೇಶನ ಕೆಲಸ ಸಣ್ಣದೇನಲ್ಲ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಒಡೆದ ಮೇಲೆ ಉಂಡೆ ಕೊಬ್ಬರಿಗೆ ಎರಡು ಬಿಸಿಲು ಬೇಕು. ಆ ಎರಡು ದಿನದಲ್ಲಿ ಮಳೆ ಹೊಡೆದರೆ ವರ್ಷದ ಕಾಯುವಿಕೆಗೆ ಬೂಷ್ಟು. ಸಮುದ್ರ ಕಾದಷ್ಟೂ ಮಳೆಮೋಡ ಹೆಚ್ಚು. ಹವಾಮಾನ ಇಲಾಖೆಯ ಮುನ್ಸೂಚನೆ, ಉಪಗ್ರಹ ಅಳೆದ ಸಮುದ್ರದ ಬಿಸಿ, ಎರಡನ್ನೂ ನೋಡಿ ಅವನು ನಾನೂರು ಮನೆಗಳ ಫೋನಿಗೆ ಮಾತು ಕಳಿಸುತ್ತಿದ್ದ. ಕಾಯಿ ಒಡೀರಿ, ಇಲ್ಲವೇ ತಡೀರಿ.

"ಇದಕ್ಕೆಲ್ಲ ಯಾರ್ನ ಕೇಳಬೇಕು?" ಎಂದು ಅವಳು ಮೊದಲ ದಿನ ಕೇಳಿದ್ದಳು.

"ಯಾರ್ನೂ ಬೇಡ ಕಣ್ರೀ. ಹೆಸರು, ಇಮೇಲ್ ಕೊಟ್ಟು ಲಾಗಿನ್ ಮಾಡ್ಕೊಂಡ್ರೆ ಆಯ್ತು. ನಕ್ಷೆ ಮ್ಯಾಲೆ ಚೌಕ ಎಳೆದು, ಈ ಸಮುದ್ರ, ಈ ದಿನ ಅಂದ್ರೆ ಫೈಲ್ ಬತ್ತದೆ. ಬಂದಿದ್ದನ್ನ ಓದೋದೇ ಕಷ್ಟ. ಅದಕ್ಕೆ ಮೋನಿಕಾ ಅವ್ರು ಹೇಳ್ಕೊಡ್ತಾರೆ."

ಮೋನಿಕಾ!

ಮಂಗಳೂರಿನಲ್ಲಿ ಸಮುದ್ರದ ಸಂಶೋಧನೆ ಮಾಡುವವಳು. ದಿನಾ ಹತ್ತು ಗಂಟೆಗೆ ಅವಳ ಫೋನು. ಮೊದಲೆಲ್ಲ ಮೇಜಿನ ಮೇಲೇ ಸ್ಪೀಕರ್ ಹಾಕಿ ಮಾತಾಡುತ್ತಿದ್ದ.

"ಹಾಗಲ್ಲ ಮಾರಾಯ್ರೆ, ಎರಡನೇ ಕಾಲಂ ನೋಡಿ... ಎಂತ ಮಾರಾಯ್ರೆ ನೀವು!" ಕಿಲಕಿಲ ನಗು.

ಮಾರಾಯ್ರೆ ಅಂತೆ ಮಾರಾಯ್ರೆ! ಇವನು ಯಾವ ಸೀಮೆಯ ಮಹಾರಾಯ?

ಹಾಗೆಂದುಕೊಂಡ ಗಳಿಗೆಯಲ್ಲೇ ಮಧುಶ್ರೀ ಪೆನ್ನು ಕೆಳಗಿಟ್ಟಳು. ಮೂರು ವರ್ಷದಿಂದ ಹಸಿವೂ ಗೊತ್ತಾಗದ ಹೊಟ್ಟೆಯಲ್ಲಿ ಇದೇನು ಕಿಚ್ಚು? ಬದುಕು ವಾಪಸ್ ಬರುವುದಾದರೆ ಒಳ್ಳೆಯ ದಾರಿಯಲ್ಲಿ ಬರಬಾರದಿತ್ತೇ...

ಆಮೇಲಾಮೇಲೆ ಅವನು ಫೋನು ಹಿಡಿದು ಹೊರಗಿನ ಹೊಂಗೆ ಮರದ ಕೆಳಗೆ ಹೋಗತೊಡಗಿದ. ಅಲ್ಲಿಂದ ಕಿಟಕಿಯತ್ತ ನೋಡುತ್ತಾ, ದನಿ ತಗ್ಗಿಸಿ ಮಾತಾಡುತ್ತಿದ್ದ. ಅವಳು ತಲೆ ಬಗ್ಗಿಸಿ ಅಂಕಿಗಳನ್ನು ನೋಡುತ್ತಿದ್ದಳು. ಒಂದೂ ಕಣ್ಣಿಗೆ ಹತ್ತುತ್ತಿರಲಿಲ್ಲ.

"ಏನವ್ವಾ, ಮೊಕ ಹುಣಸೆಹಣ್ಣಾಗೈತೆ?" ಎಂದರು ಸಣ್ಣತಿಮ್ಮಯ್ಯ.

"ಏನಿಲ್ಲ ತಾತ. ಬಿಸಿಲು."

"ಬಿಸಿಲು ಆಚೆಗೈತೆ. ನೀನು ಒಳಗೆ ಕುಂತಿದ್ದೀಯ."

* * *

ಕಾರ್ತಿಕದ ಒಂದು ಬುಧವಾರ. ಕಾಂತೇಶ ಹಲಗೆ ಬರೆಯಲು ಹೊರಗೆ ಹೋಗಿದ್ದ. ಮೇಜಿನ ಮೇಲಿದ್ದ ಅವನ ಫೋನು ಬೆಳಗಿತು. ನೋಡಬಾರದಿತ್ತು. ನೋಡಿದಳು.

'ಆ ದಿನದ್ದು ಸಿಕ್ಕಿತು ಮಾರಾಯ್ರೆ. ಅವರಿಗೆ ಈಗಲೇ ಹೇಳಬೇಡಿ. ಧೈರ್ಯ ಮಾಡಿ, ನಾನಿದ್ದೇನೆ. ಮೋನಿಕಾ.'

ಅವರಿಗೆ... ಅಂದರೆ ತನಗೆ!

ದಿನ ಸಿಕ್ಕಿತೇ? ಯಾವ ದಿನ? ಮದುವೆಯ ದಿನವೋ? ಇನ್ನೇನು ತಾನೇ ಇರುತ್ತದೆ! ತಾನಾದರೂ ಯಾರು, ಕೆಲ್ವಿನ್ ಕಳೆಯಲು ಬಂದವಳು...

ಆಗಲೇ ಕಂಪ್ಯೂಟರ್ ತೆರೆಯ ಮೇಲಿನ ಲೆಕ್ಕದ ಹಾಳೆ ಕಣ್ಣಿಗೆ ಬಿತ್ತು. ಸಮುದ್ರವನ್ನು ಅವನು ನೂರು ಚೌಕ ಮಾಡಿದ್ದ. ಎಂಟು ಚೌಕಗಳಲ್ಲಿ ಸೊನ್ನೆ. ಅದನ್ನೂ ಸೇರಿಸಿ ಸರಾಸರಿ ತೆಗೆದಿದ್ದ. ಸೋಮವಾರ ಇಪ್ಪತ್ತೊಂಬತ್ತೂ ಚಿಲ್ಲರೆ ಇದ್ದ ಸಮುದ್ರ ಇವತ್ತು ಇಪ್ಪತ್ತೇಳಕ್ಕೆ ಇಳಿದಿತ್ತು.

ಸೊನ್ನೆಯಲ್ಲ ಅದು! ಮೋಡ ಕವಿದರೆ ಈ ಉಪಗ್ರಹಕ್ಕೆ ನೀರು ಕಾಣುವುದಿಲ್ಲ. ಆ ಜಾಗ ಖಾಲಿ ಬರುತ್ತದೆ. ಎಂಟು ಚೌಕದಷ್ಟು ಮೋಡ, ಒಂದೇ ಕಡೆ, ಒತ್ತಾಗಿ.

ಅಷ್ಟರಲ್ಲಿ ಕಾಂತೇಶ ಒಳಗೆ ಬಂದ. ಕಣ್ಣಲ್ಲಿ ಏನೋ ಸಂಭ್ರಮ.

"ನೋಡಿದ್ರಾ? ಸಮುದ್ರ ತಣ್ಣಗಾಯ್ತು. ಇಲಾಖೆಯೋರೂ ಚದುರಿದ ಮಳೆ ಅಂತಷ್ಟೇ ಅಂದವ್ರೆ. ಒಡೀರಿ ಅಂತ ಕಳಿಸ್ಬುಡ್ಲಾ?"

ಗಂಟಲವರೆಗೂ ಬಂತು ಮಾತು.

'ಹೇಳಲಿ, ಅವಳೇ ಹೇಳಲಿ. ಇವನಿಗೆ ಜೊತೆಯಾಗಿ ಅವಳಿದ್ದಾಳಲ್ಲ!'

"ನಿಮ್ಮಿಷ್ಟ," ಎಂದಳು. ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು.

* * *

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವಳು ಊರಿನ ಕೆಂಪಕ್ಕ.

"ಕಾಂತೇಶಪ್ಪನ ಮಾತು ಬಂತು ಕಣವ್ವ! ಸಮುದ್ರ ತಣ್ಣಗಾಗೈತಂತೆ. ನಾಳೀಕೇ ಸುಲಿಯೋರ್ನ ಕರೆದಿವ್ನಿ. ನಾಳಿದ್ದು ಕಣದ ತುಂಬ ಕೊಬ್ಬರಿ ಹರಡ್ತೀನಿ."

ಕಣದ ತುಂಬ ಕೊಬ್ಬರಿ...

ಮೂರು ವರ್ಷದ ಹಿಂದೆಯೂ ಹರಡಿತ್ತು. ಅವತ್ತು ಬೆಳಿಗ್ಗೆ ಮೈಲಾರಿ ಕೇಳಿದ್ದ: "ಏನೇ ಭೂಗೋಳ, ಮಳೆ ಬತ್ತದಾ?" ಅವಳು ಫೋನಿನಲ್ಲಿ ಸಮುದ್ರದ ನಕ್ಷೆ ನೋಡಿ ನಕ್ಕು ಹೇಳಿದ್ದಳು: "ಬರಲ್ಲ. ಹರಡಿ."

ಮಧ್ಯಾಹ್ನ ಮೂರಕ್ಕೆ ಕಪ್ಪಾಯಿತು. ಅವನು ಟಾರ್ಪಾಲು ಹಿಡಿದು ಕಣಕ್ಕೆ ಓಡಿದ. ಸಿಡಿಲು ಒಂದೇ ಒಂದು ಸಲ ಹೊಡೆಯಿತು.

ಅವತ್ತು ತಿಳಿಯದೆ ಹೇಳಿದ್ದಳು. ಇವತ್ತು ತಿಳಿದೂ ಸುಮ್ಮನಿದ್ದಾಳೆ. ಯಾಕೆ? ಯಾವಳೋ ಒಬ್ಬಳು 'ಮಾರಾಯ್ರೆ' ಅಂದಳೆಂದು!

"ನಿಲ್ಸಿ! ಬಸ್ಸು ನಿಲ್ಸಿ!"

"ಯಾಕವ್ವಾ, ಏನಾಯ್ತು?"

"ಕೆಂಪಕ್ಕ, ಸುಲಿಸಬೇಡಿ! ನಾನು ಹೇಳ್ತಿದ್ದೀನಿ, ಸುಲಿಸಬೇಡಿ!"

ಇಳಿದು ಫೋನು ಮಾಡಿದಳು. ಅವನ ಫೋನು ಬಿಝಿ. ಯಾರ ಜೊತೆ ಅಂತ ಬೇರೆ ಕೇಳಬೇಕೇ! ಬಿಸಿಲಲ್ಲಿ ಎರಡು ಮೈಲಿ ವಾಪಸ್ ನಡೆದಳು. ಅರ್ಧ ಓಡಿದಳು.

ಕಾಂತೇಶ ಬಾಗಿಲಿಗೆ ಬೀಗ ಹಾಕುತ್ತಿದ್ದ.

"ಆ ಎಂಟು ಚೌಕಕ್ಕೆ ಸೊನ್ನೆ ಯಾಕೆ ಬರೆದ್ರಿ?"

ಅವನು ತಬ್ಬಿಬ್ಬಾದ. "ಖಾಲಿ ಇತ್ತು... ಅಟ್ಟ ಖಾಲಿ ಇದ್ರೆ ಕಾಯಿ ಲೆಕ್ಕದಲ್ಲಿ ಸೊನ್ನೆ ಬರೀತೀವಲ್ಲ. ಹಂಗೇ ಬರೆದೆ."

"ಇದು ಅಟ್ಟ ಅಲ್ರೀ! ಖಾಲಿ ಅಂದ್ರೆ ತಂಪು ಅಲ್ಲ, ಮೋಡ! ಸಮುದ್ರ ಎರಡು ದಿನಕ್ಕೆ ಎರಡು ಡಿಗ್ರಿ ಇಳಿಯುತ್ತಾ? ನೀರು ಕಾದೇ ಇದೆ, ಮೇಲೆ ಮೋಡ ಕಟ್ಟಿದೆ. ತಡೀರಿ ಅಂತ ಕಳಿಸಿ. ಈಗಲೇ!"

ಅವನು ಜಗುಲಿಯ ಮೇಲೆ ಕೂತು, ಫೋನು ಬಾಯಿಗೆ ಹಿಡಿದ. "ಎಲ್ರಿಗೂ ನಮಸ್ಕಾರ. ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಯಾರೂ ಕಾಯಿ ಒಡೀಬೇಡಿ..."

ಕಳಿಸಿದ ಮೇಲೆ ತಲೆಯೆತ್ತಿದ. "ಬೆಳಿಗ್ಗೆ ನಿಮಗೆ ಕಾಣಲಿಲ್ವಾ?"

"ಕಾಣ್ತು."

"ಮತ್ತೆ...?"

"ನಿಮ್ಮ ಮೋನಿಕಾ ಹೇಳಲಿ ಅಂತ ಸುಮ್ಮನಾದೆ!" ಅವಳು ಚೀಲ ಹೆಗಲಿಗೇರಿಸಿದಳು. "ನಾನು ಅಷ್ಟು ಕೆಟ್ಟವಳು. ಗೊತ್ತಾಯ್ತಲ್ಲ? ನಾಳೆಯಿಂದ ಬರಲ್ಲ."

ಅವನು ಎದ್ದು ನಿಂತ. ಕರೆಯುವಷ್ಟರಲ್ಲಿ ಅವಳು ರಸ್ತೆ ದಾಟಿದ್ದಳು.

* * *

ಶುಕ್ರವಾರ ಬೆಳಿಗ್ಗೆ ಶುರುವಾದ ಮಳೆ ಶನಿವಾರವೂ ನಿಲ್ಲಲಿಲ್ಲ. ಕೆಂಪಕ್ಕ ನೆನೆದುಕೊಂಡೇ ಬಂದು ಮಧುಶ್ರೀಯ ಕೆನ್ನೆ ಸವರಿ ಹೋದಳು.

ಭಾನುವಾರ ಮಳೆ ನಿಂತು ಹೊಳವಾಯಿತು. ಹನುಮಂತಮ್ಮ ಅಂಗಳ ಗುಡಿಸುತ್ತಿದ್ದಾಗ ಕಾಂತೇಶ ಬೈಕು ನಿಲ್ಲಿಸಿದ. ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹಾಳೆ.

"ಬಾಪ್ಪ. ಕುಂತ್ಕೋ. ಮಧು, ನೀನೂ ಕುಂತ್ಕೋ. ನಾನೇ ಇವ್ನಿಗೆ ಆ ದಿನದ ವಿಷ್ಯ, ನನ್ನಿಂದ್ಲೇ ಆಯ್ತು ಅಂತ ನೀನು ಕೊರಗೋದು, ಎಲ್ಲ ಹೇಳ್ದೋಳು."

ಮಧುಶ್ರೀ ಕಂಬ ಹಿಡಿದು ನಿಂತಳು. "ಯಾವ ದಿನ ಅತ್ತೆ?"

ಕಾಂತೇಶ ಹಾಳೆ ಬಿಚ್ಚಿದ. ಅರಬ್ಬಿ ಸಮುದ್ರ. ಮೂಲೆಯಲ್ಲಿ ಒಂದು ತಾರೀಖು. ಮೂರು ವರ್ಷದ ಹಿಂದಿನದು.

"ಹಳೇ ಫೈಲು. ನನಗೆ ತೆಗೆಯೋಕೆ ಬರಲಿಲ್ಲ. ಎರಡು ತಿಂಗಳು ಮೋನಿಕಾ ಅವ್ರನ್ನ ಕಾಡ್ದೆ. ನೀವು ಕೇಳಿಸ್ಕೊಂಡು ನೊಂದ್ಕೋತೀರಾ ಅಂತ ಹೊಂಗೆ ಮರದ ಕೆಳಗೆ ಹೋಗ್ತಿದ್ದೆ."

ಅವನ ಬೆರಳು ನಕ್ಷೆಯ ಮೇಲೆ ಓಡಿತು. ನಮ್ಮ ಕರಾವಳಿಯ ಮುಂದೆ ಉದ್ದಕ್ಕೂ ಬಣ್ಣವೇ ಇರಲಿಲ್ಲ. ಬಿಳಿ, ಬರೀ ಬಿಳಿ.

"ಅವತ್ತು ಉಪಗ್ರಹಕ್ಕೇ ಏನೂ ಕಂಡಿಲ್ಲ ಮಧುಶ್ರೀ ಅವ್ರೇ. ನಿಮ್ಮ ಫೋನಲ್ಲಿ ಬಂದಿದ್ದು ಹಿಂದಿನ ದಿನಗಳ ಅಂಕಿ ಇಟ್ಟು ಖಾಲಿ ತುಂಬಿಸಿದ ನಕ್ಷೆ. ಮೋನಿಕಾ ಅವ್ರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡವ್ರೆ. ಅದರ ಮ್ಯಾಲೆ, ಯಾವ ಸಮುದ್ರದ ನಕ್ಷೆಯೂ ಇಂಥ ಕಣಕ್ಕೆ ಇಂಥ ಗಳಿಗೇಲಿ ಸಿಡಿಲು ಬೀಳ್ತದೆ ಅನ್ನಲ್ಲ. ನೀವು ತಪ್ಪು ಓದ್ಲಿಲ್ಲ."

ಅವಳು ಆ ಬಿಳಿಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟಳು. ಕಣ್ಣೀರು ಹಾಳೆಗೆ ಬಿದ್ದಾಗ ಅವಳಿಗೇ ಆಶ್ಚರ್ಯವಾಯಿತು.

ಹನುಮಂತಮ್ಮ ಒಳಗೆ ಹೋದವರು ಒಂದು ಕಾಯಿ ಹಿಡಿದು ಬಂದರು. ಮೈಲಾರಿ ಅಟ್ಟಕ್ಕೆ ಏರಿಸಿದ್ದ ಕೊನೆಯ ರಾಶಿಯದು. ಮೂರು ವರ್ಷ ಯಾರೂ ಮುಟ್ಟಿರಲಿಲ್ಲ. ಸೊಸೆಯ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಟ ಗಟ, ಗಟ ಗಟ...

"ಕೇಳ್ತಾ? ಕೊಬ್ಬರಿ ಚಿಪ್ಪು ಬಿಟ್ಟು ಎಷ್ಟೋ ದಿನ ಆಗೈತೆ. ಇಳಿಸ್ಬೇಕು ಕಣವ್ವ. ಅಟ್ಟ ಇರೋದು ಒಣಗ್ಸೋಕೆ, ಬಚ್ಚಿಡೋಕಲ್ಲ. ಅವ್ನು ಇದ್ದಿದ್ರೂ ಇದನ್ನೇ ಹೇಳ್ತಿದ್ದ."

ಕಾಯಿಯನ್ನು ಅವಳ ಕೈಗಿಟ್ಟು, ಎಮ್ಮೆಗೆ ನೀರು ತೋರಿಸುವ ನೆಪದಲ್ಲಿ ಹಿತ್ತಲಿಗೆ ಹೋದರು.

"ನೀವು ಮಾತಾಡದೆ ಇದ್ದಾಗೆಲ್ಲ ಈ ಮನಸ್ಸು ತಣ್ಣಗಾಗೋಗೈತೆ ಅಂದ್ಕೋತಿದ್ದೆ," ಎಂದ ಕಾಂತೇಶ. "ಅಲ್ಲೂ ಸೊನ್ನೆ ಬರ್ಕೊಂಡಿದ್ದೆ. ಬುಧವಾರ ಜಗುಲಿ ಮ್ಯಾಲೆ ಬೈದ್ರಲ್ಲ... ಅವತ್ತು ಗೊತ್ತಾಯ್ತು."

"ಏನು?"

"ಮೋಡ ಅಂತ." ಅವನ ಕಿವಿ ಮತ್ತೆ ಕೆಂಪಾಯಿತು. "ನನಗೆ ನೀವಂದ್ರೆ ಇಷ್ಟ. ಮುನ್ನೂರ ಎರಡು ಡಿಗ್ರಿ ದಿನದಿಂದಲೂ. ನಿಧಾನಕ್ಕೆ ಹೇಳಿ, ಅವಸರ ಇಲ್ಲ. ವರ್ಷಗಟ್ಟಲೆ ಕಾಯೋ ಊರಿನೋನು ನಾನು."

ಮಧುಶ್ರೀ ಕಾಯಿಯನ್ನು ಇನ್ನೊಮ್ಮೆ ಅಲ್ಲಾಡಿಸಿದಳು. ಗಟ ಗಟ...

"ನಾಳೆ ಬಿಸಿಲು ಬರುತ್ತಾ?"

"ಫೈಲು ನೋಡಿ ಹೇಳ್ಬೇಕು."

"ನಾನೇ ಬಂದು ನೋಡ್ತೀನಿ. ಬಿಸಿಲಿದ್ರೆ ಅಟ್ಟದ ಕಾಯಿ ಇಳಿಸೋಕೆ ನೀವು ಬರಬೇಕು."

"ಬತ್ತೀನಿ."

"ಇನ್ನೊಂದು ವಿಷಯ."

"ಹೇಳಿ."

"ಮೋನಿಕಾಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ 'ಮಾರಾಯ್ರೆ' ಅನ್ನೋದನ್ನ ಮಾತ್ರ ಸ್ವಲ್ಪ ಕಡಿಮೆ ಮಾಡೋಕೆ ಹೇಳಿ!"

"ಹೇಳ್ತೀನಿ ಮಾರಾಯ್ತಿ," ಎಂದ ಕಾಂತೇಶ.

ಹಿತ್ತಲಲ್ಲಿ ಬಿಂದಿಗೆ ಹಿಡಿದು ನಿಂತಿದ್ದ ಹನುಮಂತಮ್ಮನಿಗೆ, ಮೂರು ವರ್ಷದ ಮೇಲೆ, ಸೊಸೆ ನಕ್ಕದ್ದು ಕೇಳಿಸಿತು.