ಬಚ್ಚಲ ಮಗ್ಗುಲ ಪುದೀನ

ದೇವೀರಕ್ಕ, ಮೊದ್ಲು ಆಣೆ ಹಾಕು. ಹಂಗಲ್ಲ, ಒಲೆ ಮುಟ್ಟಿ ಹಾಕು. ಈ ಮಾತು ಹೊಸ್ಲು ದಾಟ್ಬಾರ್ದು. ನಾನೂ ಯಾರ್ಗೂ ಹೇಳಿಲ್ಲ. ಆಚೆಮನೇಲಿ ನಾಕ್ ಜನಕ್ಕೆ ಹೇಳಿದ್ದು ಲೆಕ್ಕಕ್ಕಿಲ್ಲ ಬಿಡು.

ನಮ್ಮಜ್ಜಿ ಅಜ್ಜಿ ಹುಟ್ಟೋಕೂ ಮುಂಚೆ ಹೊಂಬಾಳ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ರಾಜನ ನಾಲ್ಗೆ ರುಚೀನ ಬೂದಿಮೂಗ ಅನ್ನೋ ಮಾಂತ್ರಿಕ ಕದ್ದು, ತಾಮ್ರದ ತಂಬ್ಗೇಲಿ ತುಂಬಿ, ಮೇಣ ಬಡ್ದಿಟ್ಟಿದ್ದ. ರಾಜ ಉಂಡು "ಇನ್ನೊಂಚೂರು ಹಾಕು" ಅಂತ ಕೇಳಿದ್ ದಿನ ತಂಬ್ಗೆ ಒಡೀತದೆ. ಅಲ್ಲೀಗಂಟ ಅಡ್ಗೆ ಮಾಡಿ ಸೋತೋರೆಲ್ಲ ಹೋತ! ನಲವತ್ತು ಜನ ಅಡ್ಗೆಯೋರು ಅರಮನೆ ಹಿತ್ಲಲ್ಲಿ ಮ್ಯಾ ಅಂತಿದ್ರು. ಮುದ್ದಾಜಿ ಅನ್ನೋ ಹುಡ್ಗಿ ಅಪ್ಪ ಸಣ್ಣಪ್ಪಯ್ಯನೂ ಅದ್ರಲ್ಲೊಬ್ಬ.

"ಮೂರನೇ ದಿನ ಹಬ್ಬ, ಅಷ್ಟನ್ನೂ ಕಡಿಸ್ತೀನಿ" ಅಂದ ಬೂದಿಮೂಗ.

ಮುದ್ದಾಜಿ ಸೆರಗು ಸಿಕ್ಕಿಸ್ಕೊಂಡು ಬಂದ್ಳು. "ಮೂರು ದಿನ, ಮೂರು ಅಡ್ಗೆ. ಸೋತ್ರೆ ನಾನೂ ಆಡು."

"ಬಾ ಬಾ, ಹಬ್ಬಕ್ಕೆ ಒಂದು ಕಮ್ಮಿ ಇತ್ತು" ಅಂತ ನಕ್ಕ.

ಮೊದಲ್ನೇ ದಿನ ಅರಮನೆ ತೋಟದ ಪುದೀನ ಬಿಡಿಸಿ, ಹಸಿಮೆಣಸಿನಕಾಯಿ, ಹುಣಸೇಹಣ್ಣು ಹಾಕಿ, ತರಿತರಿ ಚಟ್ನಿ ಅರೆದ್ಳು. ರಾಜನ ಮೂಗು ಅರಳ್ತು. ಉಂಡ, ಆದ್ರೆ ಇನ್ನೊಂಚೂರು ಅಂತ ಕೇಳ್ಲಿಲ್ಲ. ಸೊಪ್ಪು ಬಿಡಿಸಿದ ಕಡ್ಡೀನ ಬಚ್ಚಲ ನೀರು ಹೋಗೋ ಕಡೆ ಚುಚ್ಚಿದ್ಳು.

"ಕಸ ನೆಡ್ತೀಯಲ್ಲೇ, ಹುಚ್ಚಿ!" ಅಂದ್ಳು ದಾಸಿ.

"ಕಡ್ಡಿ ಎಸೆಯೋ ಕೈಗೆ ಸೊಪ್ಪು ಹತ್ತಲ್ಲ ಕಣವ್ವ."

ಹೋತ ಆಗಿದ್ದ ಅಪ್ಪ ಬಂದು ಆ ಕಡ್ಡಿ ಮೇಲೆ ಎರಡು ಹನಿ ಕಣ್ಣೀರು ಹಾಕ್ದ.

ಎರಡ್ನೇ ದಿನ ಪುದೀನ ಅನ್ನ. ಒಲೆಯಿಂದ ಇಳಿಸೋ ಹೊತ್ಗೆ ಸೊಪ್ಪು ಹಾಕಿ ಮುಚ್ಚಿದ್ಳು. ರಾಜನ ಕಣ್ಣು ತುಂಬ್ತು. ತಟ್ಟೆ ಖಾಲಿ, ಆದ್ರೂ ಇನ್ನೊಂಚೂರು ಅನ್ಲಿಲ್ಲ.

ಬೂದಿಮೂಗಂಗೆ ಬೆವರು ಕಿತ್ಕೊಂತು. ಮೂರನೇ ದಿನ ಬೆಳಿಗ್ಗೆ ಹೋತಗಳ್ನೆಲ್ಲ ತೋಟಕ್ಕೆ ನುಗ್ಗಿಸ್ದ. ಒಂದು ಎಲೆ ಉಳೀಲಿಲ್ಲ.

"ಈಗೇನ್ ಹಾಕ್ತೀಯೇ, ನಿನ್ ತಲೇನಾ?"

ಮುದ್ದಾಜಿ ಬಚ್ಚಲ ಕಡೆ ಹೋದ್ಳು. ಕಡ್ಡಿ ತುಂಬ ಚಿಗುರು! ಅಪ್ಪ ಒಬ್ನೇ ತೋಟಕ್ಕೆ ಹೋಗಿರ್ಲಿಲ್ಲ. ಅದ್ರ ಮುಂದೆ ಕೊಂಬು ಬಗ್ಗಿಸ್ಕೊಂಡು ಕಾವ್ಲು ನಿಂತಿದ್ದ.

ಒಂದು ಹಿಡಿ ತಂದ್ಳು. ಮಾಂತ್ರಿಕ ಒರಳು ತಳ್ದ. "ಅರೆಯೇ, ನುಣ್ಣಗೆ ಅರೆ!"

"ಪಾನಕದ ಸೊಪ್ಪಿಗೆ ಕಲ್ಲು ಸೋಕಿದ್ರೆ ಕಹಿ. ನಮ್ಮಪ್ಪ ಕಲಿಸಿದ್ದು" ಅಂದೋಳು, ಎಲೇನ ಅಂಗೈ ಮಧ್ಯೆ ಇಟ್ಟು ಪಟ್ ಅಂತ ಒಂದೇ ತಟ್ಟು. ನಿಂಬೆರಸ, ಬೆಲ್ಲ, ಚಿಟಿಕೆ ಉಪ್ಪು, ಮಡಕೆ ನೀರು. ರಾಜ ಗಟಗಟ ಕುಡ್ದ. ಲೋಟದ ತಳ ನೆಕ್ಕಿ ಕೂಗ್ದ: "ಇನ್ನೊಂಚೂರು ಹಾಕೇ, ತಾಯಿ!"

ಢಂ! ತಂಬ್ಗೆ ಒಡೀತು. ನಲವತ್ತು ಹೋತ ನಲವತ್ತು ಜನ ಆದ್ರು. ಬೂದಿಮೂಗ ಹೋತ ಆದ. ಸಣ್ಣಪ್ಪಯ್ಯ ಮಗಳ್ನ ತಬ್ಬಿ ಅತ್ತ, ಗಡ್ಡ ಮಾತ್ರ ಹಂಗೇ ಉಳ್ಕೊಂತು. ಊರೆಲ್ಲ ಉಂಡು, ಕುಡ್ದು, ತೇಗಿ, ಸುಖವಾಗಿದ್ರು.

ಗುಟ್ಟು ಯಾವುದಂತೀಯಾ? ರಾಣಿ ಕೇಳಿದ್ಳಂತೆ, "ಯಾವ ತೋಟದ್ದೇ ಈ ಸೊಪ್ಪು?" ಮುದ್ದಾಜಿ ಕಣ್ಣು ಮಿಟುಕಿಸ್ದೆ ಅಂದ್ಳು, "ದಿನಾ ಗಂಗೆ ಹರಿಯೋ ಜಾಗದ್ದು, ತಾಯಿ."

ನಗಬ್ಯಾಡ, ಪಾನಕ ನೆತ್ತಿಗೆ ಹತ್ತೀತು. ನಿನ್ ಲೋಟದಲ್ಲಿರೋದು ಮತ್ತೆಲ್ಲೀದು ಅನ್ಕೊಂಡೆ?

ಶ್... ಬಾಗ್ಲಲ್ಲಿ ಬಳೆ ಸದ್ದು. ನಮ್ ಹೊಸ ಬೀಗಿತ್ತಿ! ಮೊನ್ನೆ ಮೂರು ಲೋಟ ಕುಡ್ದೋಳು. ಬಾಯಿ ಒರ್ಸ್ಕೋ. ಸೊಪ್ಪು ಎಲ್ಲೀದು ಅಂತ ಏನಾರ ಕೇಳಿದ್ರೆ... ಬನ್ನಿ ಬನ್ನಿ, ಒಳಗ್ ಬನ್ನಿ!